ಅವಳು ನುಂಗದ ಮಾತ್ರೆ

"ಇದನ್ನ ಯಾರು ಕೊಟ್ರು ನಿಂಗೆ?"

ಔಷಧಿ ಅಂಗಡಿಯ ಅಕ್ಕ ಖಾಲಿ ಮಾತ್ರೆಪಟ್ಟಿಯನ್ನು ಕನ್ನಡಕದ ಹತ್ತಿರ ಹಿಡಿದು ಕೇಳಿದಳು.

"ನಮ್ಮನೆಯವರು..." ಹೊಲಿಗೆ ಕೆಲಸದ ಹೆಂಗಸು ದನಿ ತಗ್ಗಿಸಿದಳು. "ಬಸಿರು ನಿಲ್ಲದ ಹಾಗೆ ತಡೆಯೋ ಮಾತ್ರೆ ಅಲ್ವಾ? ಅವರು ಎದುರಿಗೇ ನಿಂತಿದ್ರು ಅಂತ ಒಂದೇ ಒಂದು ನುಂಗಿಬಿಟ್ಟೆ. ಈಗ ಎರಡು ತಿಂಗಳು... ಒಳಗಿರೋದಕ್ಕೆ ಏನೂ ಆಗಲ್ಲ ತಾನೇ?"

"ಮಿಕ್ಕಿದ್ದು?"

"ದಿನಾ ಸಿಂಕಿಗೆ ಹಾಕಿ ನೀರು ಬಿಟ್ಟೆ."

ಅಕ್ಕ ಕನ್ನಡಕ ತೆಗೆದಳು.

"ಅಯ್ಯೋ ಹುಚ್ಚಿ! ಇದು ತಡೆಯೋದಲ್ಲ, ಫೋಲಿಕ್ ಆಸಿಡ್. ಮಗುವಿನ ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳಲಿ ಅಂತ ಬಸಿರಿಗೆ ಮೊದಲಿಂದಲೇ ಕೊಡೋದು. ಅದೂ ಇಷ್ಟು ದೊಡ್ಡ ಡೋಸು... ಮೊದಲೊಂದು ಕಳ್ಕೊಂಡಿದೀಯಾ?"

ಅವಳು ಹೌದೆಂದು ತಲೆಯಾಡಿಸಿದಳು.

ಮೊದಲ ಮಗಳು ಒಂದೇ ದಿನ ಬದುಕಿದ್ದಳು. ಮಗುವಿನ ಬೆನ್ನನ್ನು ಯಾರೂ ಅವಳಿಗೆ ತೋರಿಸಲಿಲ್ಲ. ಡಾಕ್ಟರು ಗಂಡನೊಬ್ಬನನ್ನೇ ಪಕ್ಕಕ್ಕೆ ಕರೆದು ಮಾತಾಡಿದ್ದರು. ಅವನು ಬಂದು ಗೋಡೆ ನೋಡುತ್ತಾ, "ಸದ್ಯಕ್ಕೆ ಇನ್ನೊಂದು ಮಗು ಬೇಡ" ಎಂದಿದ್ದ. ಕೆಲವು ತಿಂಗಳ ನಂತರ ಈ ಮಾತ್ರೆ. "ನುಂಗು, ಒಳ್ಳೇದು." ಅಷ್ಟೇ.

'ನನ್ನ ಹೊಟ್ಟೆಯ ಮೇಲೆ ಇವರಿಗೆ ನಂಬಿಕೆಯೇ ಹೋಗಿದೆ...' ಎಂದುಕೊಂಡಿದ್ದಳು. ತೆಗೆಸು ಎಂದಾನೆಂದು ಬಸಿರನ್ನೂ ಮುಚ್ಚಿಟ್ಟಿದ್ದಳು.

"ದಿನಾ ಸೊಪ್ಪು, ಕಾಳು ಅವರೇ ಬೇಯಿಸಿ ಹಾಕ್ತಿದ್ರು ಅಕ್ಕಾ. ನಾನೇನು ಮೇಕೆನಾ ಅಂತ ರೇಗ್ತಾ ರೇಗ್ತಾನೇ ತಿಂದಿದೀನಿ..."

"ಅದರಲ್ಲೂ ಇದೇ ಸತ್ವ ಇರುತ್ತೆ, ತಿಂದಿದ್ದು ಒಳ್ಳೇದೇ ಆಯ್ತು. ಆದ್ರೆ ನಿನ್ನಂಥವರಿಗೆ ಅಷ್ಟೇ ಸಾಲದು ಕಣಮ್ಮಾ."

"ಈಗಿಂದ ನುಂಗಿದ್ರೆ?"

ಅಕ್ಕ ಮಾತ್ರೆಪಟ್ಟಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಬೆನ್ನು ಕೂಡಿಕೊಳ್ಳೋದು ಮೊದಲ ತಿಂಗಳಲ್ಲೇ ಮುಗಿದಿರುತ್ತೆ. ಎಷ್ಟೋ ಮಕ್ಕಳು ಚೆನ್ನಾಗೇ ಹುಟ್ಟುತ್ವೆ, ಧೈರ್ಯ ತಗೋ. ಆದ್ರೆ ಇವತ್ತೇ ಡಾಕ್ಟರ್ ಹತ್ರ ಹೋಗು."

ಅವಳು ನೇರ ಗಂಡನ ಮರಗೆಲಸದ ಅಂಗಡಿಗೆ ನಡೆದಳು. ಗರಗಸದ ಮಷೀನು ಕಿರುಚುತ್ತಿತ್ತು. ಅವಳ ಮುಖ ನೋಡಿದ್ದೇ ಗಂಡ ಸ್ವಿಚ್ ಆರಿಸಿದ.

"ರೀ... ನಾನು ಬಸುರಿ. ನೀವು ಕೊಟ್ಟ ಮಾತ್ರೆ ನುಂಗಲಿಲ್ಲ. ಎಲ್ಲಾ ಚೆಲ್ಲಿಬಿಟ್ಟೆ."

ಅವನ ಕೈಯಲ್ಲಿದ್ದ ಹಲಗೆ ನೆಲಕ್ಕೆ ಬಿತ್ತು.

"ಯಾಕೆ?"

"ನಿಮಗೆ ನನ್ನಿಂದ ಮಗು ಬೇಡ ಅಂದ್ಕೊಂಡೆ!"

ಮರದ ಪುಡಿ ಮೆತ್ತಿದ ಕೈಗಳಲ್ಲಿ ಅವನು ಮುಖ ಮುಚ್ಚಿಕೊಂಡ. ಮಗಳು ಹೋದ ದಿನವೂ ಅಳದವನು ಈಗ ಬಿಕ್ಕಿದ.

"ಮೊದಲು ಕೆಲವು ತಿಂಗಳು ಈ ಮಾತ್ರೆ, ಆಮೇಲೆ ಮಗು ಅಂತ ಡಾಕ್ಟರ್ ಎಲ್ಲಾ ಬಿಡಿಸಿ ಹೇಳಿದ್ರು ಕಣೇ. ಮಗು ಅಂದ್ರೆ ಸಾಕು, ನೀನು ನಡುಗ್ತಿದ್ದೆ. ಅದಕ್ಕೇ ಬಾಯಿ ಬಿಡಲಿಲ್ಲ... ತಪ್ಪು ನಂದು."

"ಚೆಲ್ಲಿದವಳು ನಾನು."

"ಚೆಲ್ಲೋ ಹಾಗೆ ಮಾಡಿದವನು ನಾನು. ನಡಿ, ಈಗಲೇ ಹೋಗೋಣ."

ಅವಳು ಅಲುಗಲಿಲ್ಲ.

"ಈ ಸಲವೂ ನಿಮ್ಮೊಬ್ಬರನ್ನೇ ಪಕ್ಕಕ್ಕೆ ಕರೆದ್ರೆ?"

"ಹೋಗಲ್ಲ. ಏನಿದ್ರೂ ಇಬ್ಬರಿಗೂ ಹೇಳಿ ಅಂತೀನಿ."

ಬೀದಿಗಿಳಿದರು. ಅವನ ಬೆರಳುಗಳು ಅವಳ ಬೆರಳುಗಳನ್ನು ಹುಡುಕಿಕೊಂಡವು. ತಣ್ಣಗಿದ್ದವು, ಇಬ್ಬರದೂ.

"ಕೆಟ್ಟ ಸುದ್ದಿ ಆದ್ರೆ, ರೀ?"

"ಅರ್ಧ ನಾನು ಹೊರ್ತೀನಿ."

"ಒಳ್ಳೇದಾದ್ರೆ?"

ಅವನು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದ.

"ಆಗ ಖುಷಿಗೆ ನಂಗೆ ಕಿವಿನೇ ಕೇಳಿಸಲ್ಲ ಕಣೇ... ನೀನೇ ಎರಡು ಸಲ ಹೇಳಬೇಕು."