ಪಂಪು ಹೊಡೆಯಬಾರದ ಮನೆ

"ಹುಳುಮನೆ ಒಳಗೆ ಔಷಧಿ ಹೊಡೀಬೇಡ ಕಣಮ್ಮ, ಹುಳ ಸಾಯ್ತವೆ" ಎನ್ನುತ್ತ ಮಂಗಮ್ಮ ಸೊಸೆಯ ಕೈಯಿಂದ ಉಬ್ಬಸದ ಪಂಪನ್ನು ಕಿತ್ತುಕೊಂಡಳು.

"ಇದು ಬೆಳೆಗೆ ಹೊಡೆಯೋದಲ್ಲ ಅತ್ತೆ, ನಾನು ಒಳಕ್ಕೆ ಎಳ್ಕೊಳ್ಳೋದು" ಎಂದು ಹರಿತಾ ನಕ್ಕಳು.

"ಎಳ್ಕೊಂಡಿದ್ದನ್ನ ಆಚೆ ಬಿಡಲ್ವಾ? ನನ್ನ ಹತ್ರ ಇರ್ಲಿ. ಹುಳದ ಹಿಕ್ಕೆ ಗುಡಿಸಿ ಆದ್ಮೇಲೆ ಇಸ್ಕೋ" ಎಂದವಳೇ ಮಂಗಮ್ಮ ಆ ನೀಲಿ ಡಬ್ಬಿಯನ್ನು ಸೊಂಟದ ಚೀಲಕ್ಕೆ ತುರುಕಿಕೊಂಡು ತೋಟಕ್ಕೆ ನಡೆದಳು.

ಮಂಗಮ್ಮ ಕೆಟ್ಟ ಅತ್ತೆಯೇನಲ್ಲ. ಆದರೆ ಮೇಲೂರಿನಲ್ಲಿ ರೇಷ್ಮೆಹುಳ ಸಾಕುವವರಿಗೆ ಔಷಧಿ ಹೊಡೆಯುವುದೆಂದರೆ ಒಂದೇ ಅರ್ಥ. ಹೋದ ವರ್ಷ ಪಕ್ಕದ ಹೊಲದ ಟೊಮೆಟೊಗೆ ಹೊಡೆದದ್ದು ಗಾಳಿಯಲ್ಲಿ ತೇಲಿಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತು, ಅವಳ ಹುಳುಮನೆಯಲ್ಲಿ ಒಂದು ಹುಳವೂ ಉಳಿದಿರಲಿಲ್ಲ. ಹಾವು ಕಚ್ಚಿದವರಿಗೆ ಹಗ್ಗ ಕಂಡರೂ ಭಯ. ಅಂದಿನಿಂದ ಮುಖಕ್ಕೆ ಪೌಡರ್ ಹಚ್ಚಿಕೊಂಡವರನ್ನೂ ಅವಳು ಒಳಗೆ ಬಿಡುತ್ತಿರಲಿಲ್ಲ. ಪಂಪು ಎಳೆದುಕೊಂಡ ಮೇಲೆ ಸೊಸೆಯ ಬೆರಳು ನಡುಗುವುದನ್ನೂ ಕಂಡಿದ್ದಳು. ಮೈ ನಡುಗಿಸುವ ವಸ್ತು ಒಳ್ಳೆಯದಾಗಿರಲು ಹೇಗೆ ಸಾಧ್ಯ ಎಂಬುದು ಅವಳ ಲೆಕ್ಕ.

ಮಂಗಮ್ಮ ಸೊಪ್ಪಿನ ಹೊರೆ ಹೊತ್ತು ವಾಪಸಾದಾಗ ಹರಿತಾ ಹುಳುಮನೆಯ ಹೊಸ್ತಿಲಲ್ಲಿ ಕುಸಿದಿದ್ದಳು. ಹಿಕ್ಕೆ ಗುಡಿಸಿದ ದೂಳು ಅವಳ ಎದೆಯನ್ನು ಬಿಗಿದಿತ್ತು. ತುಟಿ ಕಪ್ಪಿಟ್ಟಿತ್ತು. ಮಂಗಮ್ಮ ಚೀಲದಿಂದ ಪಂಪು ತೆಗೆದು ಬಾಯಿಗಿಟ್ಟಳು. ಒತ್ತಿದ್ದೂ ಆಯಿತು. ಆದರೆ ಎಳೆದುಕೊಳ್ಳಲು ಆ ಹುಡುಗಿಯಲ್ಲಿ ಉಸಿರೇ ಇರಲಿಲ್ಲ...

ಶಿಡ್ಲಘಟ್ಟದ ನರ್ಸಿಂಗ್ ಹೋಮಿನಲ್ಲಿ ಡಾಕ್ಟರು ಹರಿತಾಳ ಮುಖಕ್ಕೆ ಆಮ್ಲಜನಕದ ಮಾಸ್ಕ್ ಕಟ್ಟಿ, ತೊಡೆಗೆ ಇಂಜೆಕ್ಷನ್ ಚುಚ್ಚಿದರು.

"ಏನು ಸೂಜಿ ಸ್ವಾಮಿ ಅದು?" ಎಂದು ಮಂಗಮ್ಮ ಕೇಳಿದಳು.

"ಅಡ್ರಿನಲಿನ್ ಅಮ್ಮ. ಭಯ ಆದಾಗ ನಮ್ಮ ಮೈಯೇ ಬಿಡೋ ರಸ. ಎದೆ ಜೋರಾಗಿ ಬಡಿಯುತ್ತೆ, ರಕ್ತದ ಒತ್ತಡ ಏರುತ್ತೆ, ಉಸಿರಿನ ನಾಳ ಅಗಲ ಆಗುತ್ತೆ. ಪಂಪಲ್ಲಿರೋದೂ ಅದರ ಜಾತಿದೇ, ಆದ್ರೆ ಹೆಚ್ಚಾಗಿ ಶ್ವಾಸಕೋಶದಲ್ಲೇ ಕೆಲಸ ಮಾಡುತ್ತೆ. ಬಿಗಿದ ನಾಳ ಸಡಿಲ ಮಾಡುತ್ತೆ. ಸ್ವಲ್ಪ ಕೈ ನಡುಗುತ್ತೆ, ಅದಕ್ಕೆ ಹೆದರಬಾರದು. ಶುರುವಲ್ಲೇ ಎಳ್ಕೊಂಡಿದ್ರೆ ಇಷ್ಟಾಗ್ತಿರಲಿಲ್ಲ."



ಕುಡುಮಲಕುಂಟೆಯ ಫ್ಯಾಕ್ಟರಿಯಿಂದ ಮಗ ಮುನೇಶ್ ಓಡಿಬರುವ ಹೊತ್ತಿಗೆ ಹರಿತಾ ಕಣ್ಣು ಬಿಟ್ಟಿದ್ದಳು. "ಪಂಪು ಎಲ್ಲಿತ್ತೇ? ಯಾಕೆ ಎಳ್ಕೊಳ್ಳಲಿಲ್ಲ?" ಎಂದು ಗಂಡ ಕೇಳಿದ. ಅವಳು ಅತ್ತೆಯತ್ತ ನೋಡಿದಳು.

"ನಾನೇ... ಮರ್ತು ಮನೇಲಿ... ಬಿಟ್ಟಿದ್ದೆ ರೀ..."

ಹೆಚ್ಚಿನ ಚಿಕಿತ್ಸೆಗೆಂದು ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೆ ಸಾಗಿಸುವ ದಾರಿಯಲ್ಲಿ, ಆಂಬುಲೆನ್ಸಿನಲ್ಲೇ, ಮತ್ತೆ ಉಸಿರು ಕಟ್ಟಿ ಎದೆಯ ಬಡಿತ ನಿಂತಿತು. ಮತ್ತೆ ಮತ್ತೆ ಅದೇ ಇಂಜೆಕ್ಷನ್ ಕೊಟ್ಟರು, ಎದೆ ಒತ್ತಿದರು. ಅವಳು ತಿರುಗಿ ಬರಲಿಲ್ಲ.

ಮೂರನೆಯ ದಿನ ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದವರು ಜಗುಲಿಯಲ್ಲಿ ಕೂತಿದ್ದರು. "ಅಷ್ಟು ಓದಿದ ಹುಡುಗಿ, ಪಂಪು ಮರೆಯೋದಾ" ಎಂದು ಯಾರೋ ಲೊಚಗುಟ್ಟಿದರು. ಮುನೇಶ್ ತಲೆ ಎತ್ತದೆ, "ಹೌದು, ಅವಳ ಅಸಡ್ಡೇನೇ ಅವಳನ್ನ ತಿಂದ್ಬಿಡ್ತು" ಎಂದ. ನಗರಗೆರೆಯಿಂದ ಬಂದಿದ್ದ ಹರಿತಾಳ ತಾಯಿ ಗಂಗುಲಮ್ಮ ಬಾಯಿಗೆ ಸೆರಗಿಟ್ಟುಕೊಂಡಳು. "ಹತ್ತು ವರ್ಷದಿಂದ ಜೊತೇಲಿಟ್ಕೊಂಡೋಳು... ಮರೆಯೋ ಹುಡುಗಿ ಅಲ್ಲಪ್ಪ ಅದು..." ಎಂದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಂಗಮ್ಮ ಲೆಕ್ಕ ಹಾಕಿದಳು. ಸುಮ್ಮನಿದ್ದರೆ ಮಗ ತನ್ನವನಾಗಿ ಉಳಿಯುತ್ತಾನೆ. ಬಾಯಿಬಿಟ್ಟರೆ ಅವನೂ ಹೋದಂತೆಯೇ. ಆದರೆ ಸತ್ತವಳ ತಲೆಗೆ ತನ್ನ ತಪ್ಪನ್ನು ಕಟ್ಟಿ ಬದುಕುವುದು ಹೇಗೆ?

"ಅವಳು ಮರೀಲಿಲ್ಲ" ಎಂದಳು. "ನಾನೇ ಕಿತ್ಕೊಂಡೆ. ಹುಳಕ್ಕೆ ಆಗಲ್ಲ ಅಂತ ನನ್ನ ಚೀಲದಲ್ಲಿ ಇಟ್ಕೊಂಡು ತೋಟಕ್ಕೆ ಹೋದೆ. ನನ್ನ ಮುಖ ನೋಡಿ ಸುಳ್ಳು ಹೇಳಿದಳು... ನನ್ನ ಮಾನ ಉಳಿಸೋಕೆ."

ಮುನೇಶ್ ತಾಯಿಯ ಪಕ್ಕದಿಂದ ಎದ್ದು ಹೋಗಿ ಗಂಗುಲಮ್ಮನ ಕಾಲ ಬಳಿ ಕೂತ. "ನೀವು ಹೇಳಿದ್ದೇ ನಿಜ ಅತ್ತೆ" ಎಂದ. ಗಂಗುಲಮ್ಮ ಅವನ ತಲೆಯ ಮೇಲೆ ಕೈಯಿಟ್ಟಳು. ಅಲ್ಲೇ ಇರಲಿ, ಅವನಿಗೆ ಅದೇ ಸರಿ ಎಂದುಕೊಂಡು ಮಂಗಮ್ಮ ತನ್ನ ಪಕ್ಕದ ಖಾಲಿಯಾದ ಜಾಗದಿಂದ ಕಣ್ಣು ತೆಗೆದಳು.