ಬತ್ತಿದ ಹಿನ್ನೀರಿನಲ್ಲಿ ಒಂದು ಡಬ್ಬಿ

"ಲೇ ಅಮೃತಾ, ಡಬ್ಬಿ ನೀರಾಗ ಐತಲ್ಲೇ! ಹುಡುಕಾಕ ಸೈಕಲ್ ಬ್ಯಾಡ, ತೆಪ್ಪ ತಗೊಂಡು ಹೋಗೋಣು!"

ಬೀರಲಿಂಗೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ಗಂಗಾಧರ ಸರ್ ಫೋನಿನ ಮ್ಯಾಪಿನಲ್ಲಿ ಕೆಂಪು ಗುರುತು ನಟ್ಟನಡುವೆ ನೀಲಿ ಬಣ್ಣದ ಮೇಲೆ ಕೂತಿತ್ತು.

ಅಮೃತಾ ಮಾತ್ರ ಅಲುಗಾಡಲಿಲ್ಲ. "ಆ ಮ್ಯಾಪಿಗೇನು ಗೊತ್ತು? ಅದು ಡ್ಯಾಮ್ ತುಂಬಿದಾಗಿನ ನೀರು. ಈಗ ಹೋಗಿ ನೋಡು, ನಿಮ್ಮ ಕುರಿ ಅಲ್ಲೇ ಮೇಯಾಕ ಹತ್ಯಾವು."

ಬೀರಲಿಂಗೇಶನ ನಗು ನಿಂತಿತು. ಹೌದಲ್ಲ! ಅವನ ಮನೆಯ ಕುರಿಗಳು ನಿನ್ನೆಯಷ್ಟೇ ಅಲ್ಲಿ ಮೇಯ್ದು ಬಂದಿದ್ದವು. ತಂಬ್ರಹಳ್ಳಿಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೇಸಿಗೆ ಬಂತೆಂದರೆ ಹಿನ್ನೀರು ಸರಿಯುತ್ತಾ ದೂರ ಹೋಗುತ್ತದೆ. ಅದು ಬಿಟ್ಟುಹೋದ ನೆಲ ಕಣ್ಣು ಹಾಯುವಷ್ಟು ದೂರ ಬೋಳು ಬಯಲು. ಗಿಡ ಇಲ್ಲ, ನೆರಳಿಲ್ಲ, ದಾರಿಯಂತೂ ಇಲ್ಲವೇ ಇಲ್ಲ.

ಆ ಬಯಲಿನ ಕಲ್ಲುಗುಂಪೊಂದರಲ್ಲಿ ಸರ್ ಅವರ ಗೆಳೆಯರು ಸ್ಟೀಲ್ ಡಬ್ಬಿಯೊಂದನ್ನು ಅಡಗಿಸಿಟ್ಟು, ಜಾಗದ ಗುರುತನ್ನು ಫೋನಿಗೆ ಕಳಿಸಿದ್ದರು. ಜಿಪಿಎಸ್ ನೋಡಿಕೊಂಡು ಹುಡುಕಬೇಕು. ಈ ಆಟಕ್ಕೆ ಜಿಯೋಕ್ಯಾಶಿಂಗ್ ಅಂತ ಹೆಸರು. ಡಬ್ಬಿಯಲ್ಲಿ ಏನಿದೆಯೋ ಸರ್‌ಗೂ ಗೊತ್ತಿರಲಿಲ್ಲ. ಮೊದಲು ತಲುಪಿದವರೇ ಮುಚ್ಚಳ ತೆಗೆಯಬೇಕು, ಅದೊಂದೇ ನಿಯಮ.

ಆ ಮುಚ್ಚಳ ತಾನೇ ತೆಗೆಯಬೇಕು! ರಜೆ ಶುರುವಾದಾಗಿನಿಂದ ಅಮೃತಾಳಿಗೆ ಅದೊಂದೇ ಧ್ಯಾನ.

"ಪ್ಲಾನ್ ಹೇಳವ್ವಾ ಲೀಡರ್" ಅಂದರು ಸರ್.

"ಬಿಸ್ಲು ಏರೋದ್ರಾಗ ಹೊಂಟುಬಿಡೋದ್ರಿ. ನೀರು, ಮಂಡಕ್ಕಿ, ಪಂಪು, ಪಂಕ್ಚರ್ ಸಾಮಾನು ಎಲ್ಲಾ ನನ್ನ ಬ್ಯಾಗಿನ್ಯಾಗ. ಫೋನ್ ಹಿಡ್ಕೊಂಡು ನಾ ಮುಂದ. ಬೀರ್ಯಾ, ಕ್ರಾಂತಿ ನನ್ನ ಹಿಂದ."

ಕ್ರಾಂತಿ ತಲೆಯಾಡಿಸಿದ. ಅವನು ಅವರ ಕ್ಲಾಸಿನಲ್ಲೇ ಕುಳ್ಳ. ಓಡಿಸುವುದು ಮಾತ್ರ ಅಣ್ಣನ ದೊಡ್ಡ ಸೈಕಲ್.

"ಭೇಷ್! ಶನಿವಾರ ಒಂದು ಟ್ರಯಲ್ ಮಾಡ್ರಿ. ಹಿನ್ನೀರಿನ ದಂಡಿ ತನಕ ಬರ್ರಿ, ನಾ ಅಲ್ಲೇ ನಿಂತಿರ್ತೀನಿ. ಅದು ಪಾಸಾದ್ರ ಭಾನುವಾರ ಡಬ್ಬಿಗೆ ಹೋಗೋಣು."

ಶನಿವಾರ ಬೆಳಿಗ್ಗೆ ಸರ್ ಅವರ ಫೋನನ್ನು ಹ್ಯಾಂಡಲ್‌ಗೆ ಕಟ್ಟಿಕೊಂಡು ಅಮೃತಾ ಪೆಡಲ್ ತುಳಿದಳು. ಫೋನಿನ ಬಾಣ ಮುಂದೆ ಮುಂದೆ ಅನ್ನುತ್ತಿತ್ತು, ಅವಳೂ ಮುಂದೆ ಮುಂದೆ. ಬಳ್ಳಾರಿ ಜಾಲಿಯ ಪೊದೆಗಳನ್ನು ದಾಟಿ ಸರ್ ಎದುರಿಗೆ ಗಕ್ಕನೆ ಬ್ರೇಕ್ ಹಾಕಿದಳು.

"ಫಸ್ಟ್ ಬಂದೆ, ಸರ್!"

ಬೀರಲಿಂಗೇಶ ಏದುಸಿರು ಬಿಡುತ್ತಾ ಬಂದ. ಸರ್ ಅವರಿಬ್ಬರ ಹಿಂದೆ ನೋಡುತ್ತಿದ್ದರು. "ಕ್ರಾಂತಿ ಎಲ್ಲಿ?"

"ಹಿಂದ ಅದಾನ್ರಿ" ಅಂದಳು ಅಮೃತಾ. ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ.

ಮೂವರೂ ಬಂದ ದಾರಿಯಲ್ಲೇ ವಾಪಸು ಓಡಿದರು. ಜಾಲಿಯ ಪೊದೆಗಳ ನಡುವೆ, ಗಾಳಿ ಹೋದ ಗಾಲಿಯ ಪಕ್ಕದಲ್ಲಿ ಕ್ರಾಂತಿ ಕೂತಿದ್ದ. ಅವನ ತುಟಿ ಒಣಗಿತ್ತು.

"ಮುಳ್ಳು ಹೊಕ್ತು. ಎಷ್ಟು ಕೂಗಿದೆ, ನಿನಗ ಕೇಳಲೇ ಇಲ್ಲ" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೇ ಅಮೃತಾಳಿಗೆ ವಾಸಿ ಅನ್ನಿಸುತ್ತಿತ್ತು.

ಅವಳು ಬ್ಯಾಗ್ ಬಿಚ್ಚಿದಳು. ನೀರಿತ್ತು, ಪಂಪಿತ್ತು, ಪಂಕ್ಚರ್ ಸಾಮಾನೂ ಇತ್ತು. ಒಂದನ್ನೂ ಮರೆಯದೆ ತಂದಿದ್ದಳು. ಆದರೆ ಎಲ್ಲವೂ ಅವಳ ಬೆನ್ನೇರಿ ಮುಂದೆ ಓಡಿಬಿಟ್ಟಿತ್ತು.

"ಭಾನುವಾರದ್ದು ಬ್ಯಾಡ ಬಿಡ್ರಿ" ಅಂದರು ಸರ್. "ಆ ಬಯಲಾಗ ಕೂಗಿದ್ರ ಕೇಳಾಕ ಒಂದು ನರಪಿಳ್ಳಿನೂ ಇರಂಗಿಲ್ಲ."

ಬೀರಲಿಂಗೇಶನ ಮುಖ ಬಾಡಿತು. ಕ್ರಾಂತಿ ತಪ್ಪೆಲ್ಲ ತನ್ನದೇ ಅನ್ನುವಂತೆ ತಲೆ ತಗ್ಗಿಸಿದ. ಅಮೃತಾ ಅವನ ಗಾಲಿಗೆ ಪ್ಯಾಚ್ ಹಚ್ಚಿದಳು, ಗಾಳಿ ಹೊಡೆದಳು. ಆಮೇಲೆ ಕೈಯ ಮಣ್ಣು ಒರೆಸಿಕೊಂಡು ಎದ್ದು ನಿಂತಳು.

"ಸರ್, ಪ್ಲಾನ್ ಕೆಟ್ಟಿಲ್ರಿ. ನಾ ನಿಂತ ಜಾಗ ಕೆಟ್ಟೈತಿ. ಬೀರ್ಯಾ ನಿಮ್ಮ ಜೋಡಿ ಮುಂದ ಹೋಗ್ಲಿ. ನಡುವ ಕ್ರಾಂತಿ. ಬ್ಯಾಗ್ ತಗೊಂಡು ನಾ ಎಲ್ಲಾರಿಗಿಂತ ಹಿಂದ."

ಸರ್ ಅವಳನ್ನೇ ನೋಡಿದರು. "ಮುಂದಿದ್ದವ್ರು ಮುಚ್ಚಳ ತೆಗೀತಾರ. ನೆನಪೈತಿಲ್ಲೋ?"

ನೆನಪಿಲ್ಲದೆ ಏನು! ಅಮೃತಾಳಿಗೆ ಅಳುವೇ ಬಂದಂತಾಯಿತು. ಅದನ್ನು ನುಂಗಿಕೊಂಡು, "ನೆನಪೈತ್ರಿ" ಅಂದಳು ಗಟ್ಟಿಯಾಗಿ.

"ಹಂಗಾದ್ರ ನಾಳಿ ಹೊಂಡೋಣು" ಅಂದರು ಸರ್.

ಭಾನುವಾರ ಬಿಸಿಲೇರುವ ಮೊದಲೇ ಅವರು ಬಯಲಿಗಿಳಿದರು. ಒಣಗಿ ಬಿರುಕುಬಿಟ್ಟ ಮಣ್ಣಿನ ಮೇಲೆ ಸೈಕಲ್ಲುಗಳು ಗಡಗಡ ಅಂದವು. ಹಿಂದಿನಿಂದ ಅಮೃತಾಳಿಗೆ ಎಲ್ಲವೂ ಕಾಣುತ್ತಿತ್ತು. ಬೀರಲಿಂಗೇಶ ಎಲ್ಲಿ ತಿರುಗಿದ, ಕ್ರಾಂತಿಯ ಗಾಲಿ ಎಲ್ಲಿ ಓಲಾಡಿತು, ಅವನ ಅಂಗಿ ಬೆವರಿಗೆ ಹೇಗೆ ಅಂಟಿಕೊಂಡಿದೆ, ಎಲ್ಲ. ಅವನು ನಿಧಾನಿಸಿದರೆ ಅವಳೂ ನಿಧಾನಿಸಿದಳು.

"ಸಿಕ್ತೂ! ಡಬ್ಬಿ ಸಿಕ್ತು!"

ದೂರದಲ್ಲಿ ಬೀರಲಿಂಗೇಶ ಕುಣಿಯುತ್ತಿದ್ದ. ಅದೇ ಹೊತ್ತಿಗೆ ಕ್ರಾಂತಿ ಸೈಕಲ್ ನಿಲ್ಲಿಸಿ ಕಾಲೂರಿದ. ಅವನಿಗೆ ಉಸಿರು ಮೇಲಕ್ಕೆ ಕೆಳಕ್ಕೆ ಆಗುತ್ತಿತ್ತು.

"ನೀ ಹೋಗು ಅಮೃತಾ. ಇಲ್ಲೇ ಐತಲ್ಲ, ನಾ ಹಿಂದಿಂದ ಬರ್ತೀನಿ."

ಅವಳ ಕಾಲು ಪೆಡಲ್ ಮೇಲೆಯೇ ಇತ್ತು. ಜೋರಾಗಿ ತುಳಿದರೆ ಮುಚ್ಚಳ ತೆಗೆಯುವುದನ್ನು ನೋಡುವುದಕ್ಕಾದರೂ ತಲುಪಬಹುದಿತ್ತು. ಅಷ್ಟರಲ್ಲಿ ಕಲ್ಲುಗುಂಪಿನ ಬಳಿ ಬೀರಲಿಂಗೇಶನ ಕೈಯಲ್ಲಿ ಸ್ಟೀಲ್ ಮುಚ್ಚಳ ಬಿಸಿಲಿಗೆ ಫಳಕ್ಕನೆ ಹೊಳೆಯಿತು.

ಅಮೃತಾ ಕೆಳಗಿಳಿದು ಬಾಟಲಿ ತೆಗೆದಳು.

"ಕುಡಿ ಮೊದ್ಲು. ಡಬ್ಬಿಗೇನು ಕಾಲು ಅದಾವೇನು, ಓಡಿಹೋಗಾಕ?"

ಕ್ರಾಂತಿ ಗಟಗಟ ಕುಡಿದ. ಅವನು ಕುಡಿದು ಮುಗಿಸುವವರೆಗೂ ಅವಳು ಅವನ ದೊಡ್ಡ ಸೈಕಲ್ಲನ್ನು ಹಿಡಿದುಕೊಂಡೇ ನಿಂತಿದ್ದಳು.