ಹನಿಯ ಕೆಳಗಿನ ಸಾಲು

"ಇದು ಮಲ್ಲಿಗೆಯಾ, ಹೊಗೆಯಾ?"

ಕೌಂಟರಿನ ಆಚೆ ನಿಂತಿದ್ದ ಹೃಷೀಕೇಶ ಪ್ರಿಂಟನ್ನು ಬೆಳಕಿಗೆ ಹಿಡಿದು ನಕ್ಕುಬಿಟ್ಟ.

ನಳಿನಾಕ್ಷಿಯ ಕಿವಿಗಳು ಬಿಸಿಯಾದವು. ಕಾಪುವಿನಿಂದ ಉಡುಪಿಯ ಸ್ಟುಡಿಯೋದವರೆಗೆ ಬಸ್ಸಿನಲ್ಲಿ ನಿಂತು ಬಂದದ್ದು ಈ ನಗು ಕೇಳಲಿಕ್ಕಾ!

ಅದು ಎಪ್ಪತ್ತೊಂಬತ್ತರ ಮಾತು. ಒಂದು ರೋಲಿಗೆ ಹನ್ನೆರಡೇ ಫೋಟೋ, ಅವು ಕೈಗೆ ಬರಲು ಎಂಟು ದಿನ ಕಾಯಬೇಕು. ಕಾಯುವುದರಲ್ಲೂ ಒಂದು ಸುಖವಿದ್ದ ಕಾಲ. ನಳಿನಾಕ್ಷಿ ಬಿ.ಎ. ಪಾಸಾಗಿದ್ದಳು. ಆದರೂ ನಾಲ್ಕು ಜನರೆದುರು ಅವಳ ಬಾಯಿ ತೆರೆಯುತ್ತಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಡೈರಿಗೆ ಹೇಳಿ ಮುಗಿಸುವವಳು.

"ಮಲ್ಲಿಗೆಯೇ..." ಎಂದಳು ನೆಲ ನೋಡುತ್ತಾ.

ಅವನ ನಗು ನಿಂತಿತು. "ತಪ್ಪು ನಿಮ್ಮದಲ್ಲ. ಈ ಡಬ್ಬಿ ಕ್ಯಾಮೆರಾಕ್ಕೆ ಹತ್ತಿರದ್ದು ಕಾಣುವುದಿಲ್ಲ. ಮನೆಯಲ್ಲಿ ಹಳೇ ಓದುವ ಕನ್ನಡಕ ಉಂಟಾ?"

"ಅಜ್ಜಿಯದು ಉಂಟು."

"ಅದರ ಎರಡೂ ಗಾಜನ್ನು ಜೋಡಿಸಿ, ಲೆನ್ಸಿನ ಮುಂದೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ. ಅಲ್ಲಿಂದ ಮುಕ್ಕಾಲು ಗೇಣು ದೂರದಲ್ಲಿ ಹೂ ಇಡಿ. ಮತ್ತೆ ನೋಡಿ ಮಜಾ!"

ಮಜಾ ನಿಜವೇ ಆಗಿತ್ತು!

ಅಡುಗೆಮನೆಯೇ ಅವಳ ಲೋಕವಾಯಿತು. ಕಿಟಕಿಯ ಬೆಳಕನ್ನು ಸ್ಟೀಲು ತಟ್ಟೆಯಿಂದ ತಿರುಗಿಸುವುದು, ಹಿಂದೆ ಕಪ್ಪು ಕೊಡೆ ಬಿಡಿಸಿಡುವುದು. ನೀರಲ್ಲಿ ತೇಲುವ ತೆಂಗಿನೆಣ್ಣೆಯ ಹನಿ, ಸಾಸಿವೆ ಕಾಳು, ಸೂಜಿಯ ಕಣ್ಣು... ಕಣ್ಣಿಗೆ ಬೀಳದೆ ಇದ್ದದ್ದೆಲ್ಲ ಎದ್ದು ಬಂದು ಮಾತಾಡಿಸಿದಂತೆ!

"ಇದೆಂತ, ಚಂದ್ರಲೋಕವಾ?" ಎಂದು ಕೇಳಿದ್ದ ಹೃಷೀಕೇಶ ಒಮ್ಮೆ.

"ಅಲ್ಲ, ನೀರುದೋಸೆ."

"ಅಯ್ಯೋ ದೇವರೇ! ಇನ್ನು ನಾನು ತಿನ್ನುವುದು ಹೇಗೆ?"

ಅವಳು ಬಾಯಿಗೆ ಸೆರಗು ಒತ್ತಿ ನಕ್ಕಿದ್ದಳು. ಯಾರೆದುರೂ ಹಾಗೆ ನಕ್ಕವಳಲ್ಲ.

ಒಂಬತ್ತು ತಿಂಗಳು ಹೀಗೇ ಸರಿದವು. ಆಮೇಲೊಂದು ದಿನ ತಾಯಿ ಮನೋರಮಾ ಮಗಳಿಗೆ ರೇಷ್ಮೆ ಸೀರೆ ಉಡಿಸಿ ಅದೇ ಸ್ಟುಡಿಯೋಕ್ಕೆ ಕರೆತಂದರು.

"ಚೆಂದ ತೆಗಿ ಮಾರಾಯ. ಬೊಂಬಾಯಿಯ ಗಂಡಿನ ಮನೆಗೆ ಕಳಿಸ್ಲಿಕ್ಕೆ."

ಹೃಷೀಕೇಶನ ಕೈ ಒಂದು ಕ್ಷಣ ನಿಂತಿತು. "ಆಯ್ತಮ್ಮ... ಗಲ್ಲ ಸ್ವಲ್ಪ ಮೇಲೆ."

ಅಷ್ಟೇ! ಬೇರೆ ಒಂದು ಮಾತೂ ಇಲ್ಲ!

ಆ ಸಂಜೆ ಅವಳು ಡೈರಿಯಲ್ಲಿ ಬರೆದಳು: 'ಹೃಷೀಕೇಶ, ನೀವು ಒಂದು ಮಾತು ಆಡಿದ್ದರೆ ನಾನು ಆ ಕುರ್ಚಿಯಿಂದ ಎದ್ದುಬಿಡುತ್ತಿದ್ದೆ.'

ಮರುದಿನವೂ ಮನಸ್ಸು ಭಾರ. ರೋಲಿನಲ್ಲಿ ಒಂದು ಫೋಟೋ ಉಳಿದಿತ್ತು. ತೆರೆದಿದ್ದ ಡೈರಿಯ ಮೇಲೆ ಒಂದು ಗಾಜಿನ ತುಂಡು ಇಟ್ಟಳು, ಅದರ ಮೇಲೆ ಒಂದು ಹನಿ ನೀರು. ಕೆಳಗೆ ಶಾಯಿಯ ಗೆರೆಗಳು ಬಾಗಿ ಬಾಗಿ ಕಂಡವು. ಎಷ್ಟು ಚೆಂದ! ಗೆರೆಗಳನ್ನು ನೋಡಿದಳೇ ಹೊರತು ಓದಲಿಲ್ಲ. ಫೋಟೋ ತೆಗೆದು, ಉಡುಪಿಗೆ ಹೊರಟಿದ್ದ ಪಕ್ಕದ ಮನೆಯ ಆನಿಬಾಯಿಯ ಕೈಯಲ್ಲಿ ರೋಲನ್ನು ಕೊಟ್ಟು ಕಳಿಸಿದಳು.

ಸಂಜೆ ಬರೆಯಲು ಕೂತಾಗ, ಹನಿ ಇಟ್ಟಿದ್ದ ಜಾಗದಲ್ಲೇ ನಿನ್ನೆಯ ಸಾಲು ಕಂಡಿತು. ಆ ಪುಟ!

ಹನಿ ಅಕ್ಷರವನ್ನು ದೊಡ್ಡದು ಮಾಡುತ್ತದೆ. ರೋಲು ತೊಳೆಯುವವನೂ ಅವನೇ, ಪ್ರಿಂಟು ಹಾಕುವವನೂ ಅವನೇ. ಓದದೆ ಇರುತ್ತಾನಾ?

ಎಂಟು ದಿನ ಅನ್ನ ಸೇರಲಿಲ್ಲ. ಒಂಬತ್ತನೆಯ ದಿನ ತಾಯಿಯ ಬೆನ್ನ ಹಿಂದೆ ಅಡಗಿ ಸ್ಟುಡಿಯೋದ ಮೆಟ್ಟಿಲು ಹತ್ತಿದಳು.

ಹೃಷೀಕೇಶ ಎರಡು ಲಕೋಟೆ ಮುಂದಿಟ್ಟ. "ಬೊಂಬಾಯಿಯ ಫೋಟೋ ಚೆಂದ ಬಂದಿದೆ ಅಮ್ಮ. ಇನ್ನೊಂದರಲ್ಲಿ ಹನ್ನೊಂದು ಉಂಟು. ಒಂದು ನನ್ನ ಕೈಯಲ್ಲಿ ಹಾಳಾಯ್ತು." ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಓದಿದ್ದಾನೆ... ಓದಿಯೇ ಹೀಗೆ ಹೇಳುತ್ತಿದ್ದಾನೆ!

ಕಾಪು ಬರುವವರೆಗೂ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಕೂತಳು. ಸೋಮವಾರ ಫೋಟೋ ಅಂಚೆಗೆ ಬೀಳುತ್ತದೆ. ಅಲ್ಲಿಗೆ ಎಲ್ಲ ಮುಗಿಯಿತು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಚಪ್ಪಲಿಯ ಸದ್ದು. ಹೃಷೀಕೇಶ! ಜೊತೆಗೆ ಬಿಳಿ ಸೀರೆಯ ಅವನ ತಾಯಿ.

"ಬೊಂಬಾಯಿಗೆ ಫೋಟೋ ಕಳಿಸಿ ಆಯ್ತಾ ಅಮ್ಮ?"

"ಇಲ್ಲ, ನಾಳೆ. ಎಂತ, ಅದೂ ಹಾಳಾಯ್ತಾ?" ಮನೋರಮಾ ಕಣ್ಣರಳಿಸಿದರು.

"ಫೋಟೋ ಸರಿ ಉಂಟು. ನಾನೇ ಸರಿ ಇಲ್ಲ." ಅವನು ಒಂದು ಹೆಜ್ಜೆ ಮುಂದೆ ಬಂದ. "ಕಳಿಸ್ಬೇಡಿ ಅಮ್ಮ. ನಳಿನಾಕ್ಷಿಯನ್ನು ನನಗೆ ಕೊಡ್ತೀರಾ ಅಂತ ಕೇಳ್ಲಿಕ್ಕೆ ಬಂದದ್ದು."

ಮನೋರಮಾ ಅವನನ್ನೂ ಅವನ ತಾಯಿಯನ್ನೂ ನೋಡಿದರು. ಮತ್ತೆ ಬಾಗಿಲ ಮರೆಯಲ್ಲಿದ್ದ ಮಗಳ ಕಡೆ ತಿರುಗಿದರು.

"ನಿನಗೆ ಎಂತ ಅನಿಸ್ತದೆ, ನಳಿನಿ? ಬಾಯಿ ಉಂಟಲ್ಲ, ಹೇಳು!"

ನಳಿನಾಕ್ಷಿ ಹೊಸ್ತಿಲಿಗೆ ಬಂದಳು. ಒಳಗೆ ಓಡಿ ಬರೆದುಬಿಡುವ ಹಾಗಿದ್ದಿದ್ದರೆ! ಆದರೆ ಅವನು ಅಷ್ಟು ದೂರ ಬಂದು ನಿಂತಿದ್ದ...

"ಬೊಂಬಾಯಿ ಬೇಡಮ್ಮ," ಎಂದಳು. ಅಂಗಳಕ್ಕೂ ಕೇಳುವಷ್ಟು ಜೋರಾಗಿ!

ತಾಯಂದಿರಿಬ್ಬರೂ ಒಳಗೆ ಹೋದ ಮೇಲೆ ಅವನು ಜೇಬಿನಿಂದ ಪುಟ್ಟ ಲಕೋಟೆ ತೆಗೆದ.

"ನಿಮ್ಮ ಪ್ರಿಂಟು, ನೆಗೆಟಿವ್ ಎರಡೂ ಇದರಲ್ಲಿ ಉಂಟು. ಓದಬಾರದಿತ್ತು... ಓದಿಬಿಟ್ಟೆ. ಅವತ್ತು ನಿಮ್ಮ ಅಮ್ಮನ ಎದುರು ಕೊಡ್ಲಿಕ್ಕೆ ಆಗ್ತಿತ್ತಾ ಹೇಳಿ?"

"ನನ್ನನ್ನು ಬೇಡ ಅಂದ್ರಿ ಅಂತ ಎಣಿಸಿದೆ."

"ಬೇಡ ಅನ್ನುವವ ಅಮ್ಮನನ್ನು ಕರ್ಕೊಂಡು ಬರ್ತಾನಾ?"

ಅವಳ ಕಣ್ಣು ತುಂಬಿತು. "ಹಾಗಾದ್ರೆ ಫೋಟೋ ತೆಗೆಯುವಾಗ ಯಾಕೆ ಸುಮ್ಮನಿದ್ರಿ?"

"ಬೊಂಬಾಯಿ ಅಂದ ಕೂಡಲೇ ನನಗೆ ಧೈರ್ಯ ಬರಲಿಲ್ಲ, ನಳಿನಿ."

ಅವನು ಮೊದಲ ಸಲ ಹಾಗೆ ಕರೆದಿದ್ದ.

"ನನಗೆ ಈಗ ಬಂದಿದೆ," ಎಂದಳು ಅವಳು ತಲೆಯೆತ್ತಿ. "ನೀವು ಅಂದ್ರೆ ನನಗೆ ತುಂಬಾ ಇಷ್ಟ."

"ಕೇಳಿಸ್ತು ಮಾರಾಯ್ತಿ!" ಒಳಗಿನಿಂದ ಮನೋರಮಾರ ದನಿ. "ಮೊದಲು ಅವನಿಗೆ ಚಹಾ ತಕೊಂಡು ಹೋಗಿ ಕೊಡು!"

ಹೃಷೀಕೇಶ ನಕ್ಕ. "ಸಕ್ಕರೆ ಬೇಡ. ಇಷ್ಟು ಸಿಹಿ ಸಾಕು."